ನಾಲ್ಕು ಜನ, ಒಂದು ಹಳೇ ಹರಿಗೋಲು

(1/8)
ಮೊದಲ ಫೋಟೋದಲ್ಲಿ ಮಾರಿಕಣಿವೆ ಹಿನ್ನೀರಿನ ದಡದಲ್ಲಿ ಬೋರಲು ಹಾಕಿರೋ ಹರಿಗೋಲು ಕಾಣ್ತಿದೆಯಲ್ಲ, ಅದು ನಮ್ಮದು. ನಮ್ಮದು ಅಂದ್ರೆ ನಾಲ್ಕು ಜನರದ್ದು. ಹಾಸ್ಟೆಲ್‌ನಲ್ಲಿ ನಮ್ಮನ್ನ ಊರ ಹೆಸರಲ್ಲೇ ಕರೀತಾರೆ, ಅದಕ್ಕೆ ಇಲ್ಲೂ ಹಾಗೇ ಬರೀತೀನಿ. ನಾನು ಹೊಸದುರ್ಗ. ಇನ್ನಿಬ್ಬರು ಹುಡುಗರು ಹಿರಿಯೂರು, ಹೊಳಲ್ಕೆರೆ. ಮನೆಯಿಂದಲೇ ಕಾಲೇಜಿಗೆ ಬರೋ ನಮ್ಮ ಕ್ಲಾಸ್‌ಮೇಟ್ ಹುಡುಗಿ ದುರ್ಗ.

ಹೋದ ಬೇಸಿಗೆಯ ಸ್ಟೋರಿ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ರಿ. ಎಲ್ಲಿ ಸಿಕ್ತು, ಎಷ್ಟಾಯ್ತು, ನಾವೂ ಒಂದು ತಗೋಬಹುದಾ ಅಂತ. ಒಬ್ಬೊಬ್ಬರಿಗೇ ಉತ್ತರ ಕೊಡೋಕಾಗದೆ ಎಂಟು ಪೋಸ್ಟ್‌ನಲ್ಲಿ ಬರೀತಿದ್ದೀನಿ.

ಬೆಲೆ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅರ್ಧ ಜನ ಇಲ್ಲೇ ಬಿಟ್ಟು ಹೋಗ್ತೀರ. ಸೆಕೆಂಡ್ ಹ್ಯಾಂಡ್ ಫೈಬರ್ ಹರಿಗೋಲು, ಏಳೂವರೆ ಅಡಿ ಅಗಲ, 6,500 ರೂಪಾಯಿ. ಆದ್ರೆ ಅದಕ್ಕೂ ಮುಂಚೆ 4,400 ರೂಪಾಯಿ ಇನ್ನೊಂದಕ್ಕೆ ಖರ್ಚಾಯ್ತು. ಅದನ್ನ ಮೊದಲು ಖರ್ಚು ಮಾಡಬೇಕು ಅಂತ ನಮಗೆ ಗೊತ್ತಾಗಿದ್ದು ತಡವಾಗಿ. ಆ ಕಥೆ ನಾನು ಸ್ಟೋರಿಯಲ್ಲಿ ಹಾಕಿರಲಿಲ್ಲ. ಆರನೇ ಪೋಸ್ಟ್‌ನಲ್ಲಿ ಬರುತ್ತೆ. ಅದೊಂದನ್ನಾದ್ರೂ ಓದಿ.

(2/8)
ನಿಜ ಹೇಳ್ಬೇಕಂದ್ರೆ ನನಗೆ ಬೇಕಾಗಿದ್ದು ಹರಿಗೋಲು ಅಲ್ಲ, ಹಾಯಿದೋಣಿ.

ನೀವೂ ನೋಡಿರ್ತೀರ ಆ ರೀಲ್ಸ್. ಯಾವುದೋ ದೇಶದ ಗಂಡ ಹೆಂಡತಿ 25 ಅಡಿಯ ಹಳೇ ಹಾಯಿದೋಣಿ ಕೊಂಡು, ಉಜ್ಜಿ, ಬಣ್ಣ ಬಳಿದು, ಅದರೊಳಗೇ ಮಲಗಿ, ಅದರೊಳಗೇ ಕಾಫಿ ಕಾಯಿಸಿಕೊಂಡು ವಾರಗಟ್ಟಲೆ ತಿರುಗ್ತಾರೆ. ಪರೀಕ್ಷೆ ಹಿಂದಿನ ರಾತ್ರಿ ಎರಡು ಗಂಟೆವರೆಗೆ ನಾನು ಅದನ್ನೇ ನೋಡ್ತಿದ್ದೆ.

ಹಳೇ ಹಾಯಿದೋಣಿ ಅಂದ್ರೆ ಕೀಳಲ್ಲ. ನಮ್ಮ ಸೈನ್ಯದ ಎಂಜಿನಿಯರ್ ವಿಭಾಗದ ಅಧಿಕಾರಿಗಳು ‘ತೃಷ್ಣಾ’ ಅನ್ನೋ 37 ಅಡಿಯ ದೋಣಿಯಲ್ಲಿ 1985ರಲ್ಲಿ ಹೊರಟು, ಇಡೀ ಭೂಮಿ ಸುತ್ತಿ, 1987ರ ಜನವರಿಯಲ್ಲಿ ಮುಂಬೈಗೆ ಬಂದ್ರು. ಹಾಗೆ ಸುತ್ತಿದ ಮೊದಲ ಭಾರತೀಯರು ಅವರೇ. ಆ ದೋಣಿ ಇಂಗ್ಲೆಂಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು!

ಆದ್ರೆ ಲೆಕ್ಕ ಹಾಕಿ ನೋಡಿ. ಅಂಥ ದೋಣಿಯ ತಳದಲ್ಲಿ ಭಾರವಾದ ಒಂದು ರೆಕ್ಕೆ ಇರುತ್ತೆ, ಕೀಲ್ ಅಂತಾರೆ. ಗಾಳಿ ಪಕ್ಕಕ್ಕೆ ತಳ್ಳಿದಾಗ ದೋಣಿ ಜಾರದೆ ಮುಂದಕ್ಕೆ ಹೋಗೋದು, ಮಗುಚದೆ ನಿಲ್ಲೋದು ಅದರಿಂದ. ಅದು ನೀರಿನೊಳಗೆ ಮೂರ್ನಾಲ್ಕು ಅಡಿ ಇಳಿದಿರುತ್ತೆ. ನಿಲ್ಲಿಸೋಕೆ ಆಳ ಬೇಕು, ಎತ್ತೋಕೆ ಕ್ರೇನ್ ಬೇಕು. ಮಾರಾಟಕ್ಕೆ ಸಿಗೋದೂ ಮುಂಬೈ, ಗೋವಾ, ಕೊಚ್ಚಿ ಕಡೆ. ಅಲ್ಲಿಂದ ಲಾರಿಯಲ್ಲಿ ತಂದ್ರೆ ಬಾಡಿಗೆಯೇ ನಮ್ಮ ನಾಲ್ಕು ಜನರ ವರ್ಷದ ಫೀಸ್ ದಾಟುತ್ತೆ.

‘ಗಾಳಿ ಮಾತ್ರ ನಮ್ಮಲ್ಲಿ ಫ್ರೀ ಕಣ್ಲೇ’ ಅಂದ ಹಿರಿಯೂರು. ಅದಂತೂ ಸುಳ್ಳಲ್ಲ. ದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನೆಟ್ಟಿದ್ದಾರಾ? ಆದ್ರೆ ಅದೇ ಗಾಳಿ ಆಮೇಲೆ ನಮ್ಮನ್ನ ಸರಿಯಾಗಿ ಹೆದರಿಸ್ತು.

ಹಾಯಿ ಕಲಿಯೋ ಆಸೆ ಇದ್ದವರು ಮೈಸೂರು ಹತ್ತಿರ ಕನ್ನಂಬಾಡಿ ಹಿನ್ನೀರಿನ ಸೇಲಿಂಗ್ ಕ್ಲಬ್ ಬಗ್ಗೆ ವಿಚಾರಿಸಿ. ನಾನೂ ಒಂದು ದಿನ ಹೋಗೇ ಹೋಗ್ತೀನಿ.

(3/8)
ದೋಣಿ ನೋಡೋ ಮುಂಚೆ ನೀರು ನೋಡಬೇಕು. ನಾವು ಉಲ್ಟಾ ಮಾಡಿದ್ವಿ.

ನಮ್ಮ ನೀರು ವಾಣಿವಿಲಾಸ ಸಾಗರ. ವೇದಾವತಿ ನದಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟೋಕೆ ಶುರು ಮಾಡಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ಕೆಲಸ ಶುರುವಾದಾಗ ಮಗನ ಪರವಾಗಿ ರಾಜ್ಯ ನೋಡಿಕೊಳ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರೇ ಇದಕ್ಕೆ. ತುಂಬಿದಾಗ 130 ಅಡಿ, 30 ಟಿಎಂಸಿ ನೀರು. ಕಟ್ಟೆ ಹಿರಿಯೂರಿನದ್ದು, ಹಿನ್ನೀರು ಹಿಂದೆ ಸರಿದು ನಮ್ಮ ಹೊಸದುರ್ಗ ತಾಲ್ಲೂಕಿಗೆ ಬರುತ್ತೆ.

1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ! ನಮ್ಮ ಅಜ್ಜ ಇಡೀ ಜೀವಮಾನದಲ್ಲಿ ಅದು ತುಂಬಿದ್ದು ನೋಡಲಿಲ್ಲ. ನಾವು ಕಾಲೇಜು ಮುಗಿಸೋದರೊಳಗೆ ಎರಡು ಸಲ ನೋಡಿದ್ವಿ, 2025ರ ಜನವರಿಯಲ್ಲಿ ಇನ್ನೊಂದು ಸಲ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, 89 ವರ್ಷ ಪೂರ್ತಿ ತುಂಬದ ನೀರಿನ ಅಂಚಿನಲ್ಲಿ ಜನ ಸುಮ್ಮನೆ ಕೂತಿರ್ತಾರಾ? ಹೊಲ ಮಾಡಿದ್ರು, ತೆಂಗು ಅಡಿಕೆ ಹಾಕಿದ್ರು, ಬೋರ್ ಕೊರೆಸಿದ್ರು, ಬೇಲಿ ಕಟ್ಟಿದ್ರು. ನೀರು ಬಂದಾಗ ಅದೆಲ್ಲ ಅಡಿಗೆ ಹೋಯ್ತು. ಮೇಲಿಂದ ನೋಡಿದ್ರೆ ಕನ್ನಡಿ ಥರ ನೀರು. ಒಂದಡಿ ಕೆಳಗೆ ಮುಳ್ಳುತಂತಿ, ಕಲ್ಲುಕಂಬ, ಸತ್ತ ತೆಂಗಿನ ಬುಡ, ಎಲ್ಲೋ ಒಂದು ತೆರೆದ ಬಾವಿ.

ಇನ್ನೊಂದು ವಿಷಯ. 50 ಅಡಿಗೆ ಒಂದಡಿ ಇಳಿಜಾರು ಇರೋ ಹೊಲದಲ್ಲಿ ನೀರು ಒಂದಡಿ ಇಳಿದ್ರೆ ದಡ 50 ಅಡಿ ಹಿಂದಕ್ಕೆ ಹೋಗುತ್ತೆ. ಏಪ್ರಿಲ್‌ನಲ್ಲಿ ದಡದಲ್ಲಿ ಬಿಟ್ಟ ದೋಣಿ ಮೇ ಹೊತ್ತಿಗೆ ಹೊಲದ ಮಧ್ಯ ಕೂತಿರುತ್ತೆ. ಅಂದ್ರೆ ಇಲ್ಲಿಗೆ ಬೇಕಾಗಿರೋದು ಇಬ್ಬರು ಎತ್ತಿಕೊಂಡು ಹೋಗಬಹುದಾದ, ಅರ್ಧ ಅಡಿ ನೀರಲ್ಲೂ ತೇಲೋ ದೋಣಿ. ಹರಿಗೋಲು ಬಿಟ್ರೆ ಅಂಥದ್ದು ಬೇರೆ ಯಾವುದಿದೆ ಹೇಳಿ?

(4/8)
ಹರಿಗೋಲು ಪಿಕ್ನಿಕ್ ಜಾಗದವರು ಕಂಡುಹಿಡಿದ ಸಾಮಾನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ತುಂಗಭದ್ರೆ ದಾಟೋ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿ ಥರ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಯಾವಾಗಲೂ ತಿರುಗ್ತಾನೇ ಇರುತ್ತೆ ಅಂತ. 500 ವರ್ಷ ಆದ್ರೂ ತಿರುಗೋದು ನಿಂತಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ಈಗ ಪೂರ್ತಿ ಫೈಬರ್.

ನಾವು ನೋಡಿದ ಮೊದಲನೇದು ಬಿದಿರಿನದ್ದು. ಫೋಟೋಗೆ ಸೂಪರ್. ದುರ್ಗ ಅಂತೂ ‘ಇದೇ ಬೇಕು’ ಅಂತ ಹಟ ಹಿಡಿದಳು. ಮನೆ ಹಿಂದೆ ಗೋಡೆಗೆ ಒರಗಿಸಿಟ್ಟಿದ್ರು, 2,500 ಹೇಳಿದ್ರು.

ನಮ್ಮ ಪುಣ್ಯ, ಜೊತೆಗೆ ನಮ್ಮ ದೊಡ್ಡಪ್ಪ ಬಂದಿದ್ರು. ಅವರು ಮೀನು ಹಿಡಿಯೋರಲ್ಲ, ಆದ್ರೆ ಬಿದಿರಿನ ಬುಟ್ಟಿ, ಮಂಕರಿ ಬಳಸಿ ಗೊತ್ತು. ಹರಿಗೋಲನ್ನ ನೆಲದಿಂದ ಎತ್ತಿ ಒಂದು ಸಲ ಕುಟ್ಟಿದ್ರು. ಹಳದಿ ಹುಡಿ ಉದುರಿತು. ‘ಹುಳ ತಿಂದೈತೆ ಕಣಪ್ಪ’ ಅಂದ್ರು. ಅಂಚಿನ ಪಟ್ಟಿಯನ್ನ ಹೆಬ್ಬೆರಳಿಂದ ಒತ್ತಿದ್ರು, ಬಿಸ್ಕತ್ ಥರ ಒಳಗೆ ಹೋಯ್ತು.

ಬಿದಿರಿನದ್ದು ನೋಡೋಕೆ ಹೋದ್ರೆ ಇಷ್ಟು ಮಾಡಿ. ಕುಟ್ಟಿ ಹುಡಿ ಬರುತ್ತಾ ನೋಡಿ. ಅಂಚಿನ ಕಟ್ಟು ಸುತ್ತಲೂ ಒತ್ತಿ ನೋಡಿ, ಯಾಕಂದ್ರೆ ಹತ್ತುವಾಗ ಇಳಿಯುವಾಗ ನಿಮ್ಮ ಭಾರವೆಲ್ಲ ಬೀಳೋದು ಅಲ್ಲೇ. ಡಾಂಬರು ಬಿಸಿಲಿಗೆ ಬಿರುಕು ಬಿಟ್ಟಿದೆಯಾ ನೋಡಿ. ಬಳಸದೆ ಎಷ್ಟು ದಿನ ಆಯ್ತು ಅಂತ ಕೇಳಿ. ದಿನಾ ನೀರಿಗಿಳಿಯೋ ದೋಣಿಗಿಂತ ಸುಮ್ಮನೆ ಗೋಡೆಗೆ ಒರಗಿದ ದೋಣಿಯ ಮೇಲೆ ಜಾಸ್ತಿ ಅನುಮಾನ ಇರಲಿ.

(5/8)
ಎರಡನೇದು ಫೈಬರ್. ನೀಲಿ ಬಣ್ಣ, ಹೊಸದರ ಹಾಗೆ ಹೊಳೀತಿತ್ತು. ಒಳಗೆ ಯಾರೋ ಹೂವಿನ ಚಿತ್ರ ಬೇರೆ ಬಿಡಿಸಿದ್ರು. ಮಾರೋರು ಒಳ್ಳೆ ಮಾತುಗಾರರು. ‘ನಿಮ್ಮಂಥ ಓದೋ ಮಕ್ಕಳಿಗೆ ಅಂತಲೇ ಕಮ್ಮಿಗೆ ಕೊಡ್ತಿದ್ದೀನಿ, ನಾಳೆ ಇನ್ನೊಬ್ರು ಬರ್ತಾರೆ’ ಅಂದ್ರು. 8,000.

ಆವತ್ತು ದೊಡ್ಡಪ್ಪ ಬಂದಿರಲಿಲ್ಲ. ನಮಗೆ ಫೈಬರ್ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಿರೋದನ್ನ ಹೇಳ್ತೀನಿ.

ಹಳೇ ದೋಣಿಗೆ ಹೊಸ ಬಣ್ಣ ಇದ್ರೆ ಖುಷಿ ಪಡಬೇಡಿ, ಯಾಕೆ ಬಳಿದ್ರು ಅಂತ ಕೇಳಿ. ಒಂದು ನಾಣ್ಯ ತಗೊಂಡು ತಳವನ್ನೆಲ್ಲ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತೆ. ಒಳಗೆ ಪದರ ಬಿಟ್ಟಿದ್ರೆ ಡಬ್ ಡಬ್ ಅನ್ನುತ್ತೆ, ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ ಹಾಗೇ. ಬೋರಲು ಹಾಕಿ ಸೂರ್ಯನ ಕಡೆ ಹಿಡಿದು ಒಳಗಿಂದ ನೋಡಿ. ತೇಪೆ ಹಾಕಿದ ಜಾಗದ ನೆರಳು ಬೇರೆ ಥರ ಕಾಣುತ್ತೆ. ತೇಪೆ ಇರೋದು ತಪ್ಪಲ್ಲ, ಮುಚ್ಚಿಡೋದು ತಪ್ಪು.

ಕೊನೇ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಖಾಲಿ ದೋಣಿಯನ್ನ ಮೊಣಕಾಲುದ್ದ ನೀರಲ್ಲಿ ಬಿಟ್ಟು, ಒಳಗೆ ನಾಲ್ಕು ಕಲ್ಲು ಹೇರಿ, ಒಂದು ಗಂಟೆ ಟೀ ಕುಡಿದು ಬನ್ನಿ. ಒಳಗೆ ನೀರಿದ್ರೆ ನಮಸ್ಕಾರ ಹೇಳಿ ಬಸ್ ಹತ್ತಿ. ಒಂದು ಗಂಟೆ ಬಿಡೋಕೆ ಒಪ್ಪದ ಮಾಲೀಕರಿಗೂ ಅದೇ ನಮಸ್ಕಾರ.

ನಾವು ಇದ್ಯಾವುದನ್ನೂ ಮಾಡಲಿಲ್ಲ. ‘ಒಂದು ರೌಂಡ್ ಹೋಗಿ ನೋಡ್ತೀವಿ ಅಣ್ಣ’ ಅಂದ್ವಿ. ‘ಹೋಗಿ ಬನ್ನಿ’ ಅಂದ್ರು. ನಾಲ್ಕೂ ಜನ ಹತ್ತಿದ್ವಿ.

(6/8)
ಹತ್ತೋ ಮುಂಚೆ ನಾನು ಕೇಳಿದ್ದೆ: ‘ಎಲ್ರಿಗೂ ಈಜು ಬರುತ್ತಲ್ಲಾ?’

ದುರ್ಗ ತಕ್ಷಣ ‘ನಂಗೆ ಬರಲ್ಲಪ್ಪ’ ಅಂದಳು. ನಾವು ನಕ್ವಿ. ‘ನಾವಿದ್ದೀವಲ್ಲ’ ಅಂದ ಹಿರಿಯೂರು. ಹೊಳಲ್ಕೆರೆ ಏನೂ ಹೇಳಲಿಲ್ಲ, ತಲೆ ಆಡಿಸಿದ. ಲೈಫ್ ಜಾಕೆಟ್ ಒಂದೂ ಇರಲಿಲ್ಲ.

ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ಹೋಗುವಾಗ ಸಲೀಸಾಗಿ ಹೋಯ್ತು. ನಾವು ‘ಏನ್ ಸ್ಪೀಡು ಗುರು’ ಅಂತ ವಿಡಿಯೋ ಮಾಡ್ತಿದ್ವಿ. ಗಾಳಿ ಬೆನ್ನಿಗಿತ್ತು, ಅದಕ್ಕೇ ಸ್ಪೀಡು. ಹರಿಗೋಲಿಗೆ ಕೀಲ್ ಇಲ್ಲ, ನೀರನ್ನ ಹಿಡಿದುಕೊಳ್ಳೋಕೆ ಅದಕ್ಕೆ ಏನೂ ಇಲ್ಲ. ಗಾಳಿ ಎತ್ತ ತಳ್ಳಿದ್ರೆ ಅತ್ತ. ದಡದಿಂದ ನೂರು ಅಡಿ ದಾಟಿ ತಿರುಗಿಸೋಣ ಅಂತ ನಾನು ಹುಟ್ಟು ಹಾಕಿದೆ. ದೋಣಿ ನಿಂತಲ್ಲೇ ತಿರುಗಿತು, ವಾಪಸ್ ಬರಲಿಲ್ಲ. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ಮಳೆಗೆ ಮುಂಚೆ ಬೀಸೋ ಗಾಳಿ ಶುರುವಾಯ್ತು.

ಆಗ ದುರ್ಗ, ‘ನನ್ನ ಚಪ್ಪಲಿ ಒದ್ದೆ’ ಅಂದಳು. ಹೂವಿನ ಚಿತ್ರದ ಕೆಳಗಿಂದ ನೀರು ಬರ್ತಿತ್ತು.

ಹಿರಿಯೂರು ಟಿಫಿನ್ ಬಾಕ್ಸ್ ತಗೊಂಡು ನೀರು ತೋಡೋಕೆ ಶುರು ಮಾಡಿದ. ‘ಏನಾಗಲ್ಲ, ಆದ್ರೆ ಈಜಿಕೊಂಡು ಹೋಗೋಣ’ ಅಂತ ತಮಾಷೆ ಮಾಡಿದ. ನಾನು ಹೊಳಲ್ಕೆರೆ ಕಡೆ ನೋಡಿದೆ. ಎರಡೂ ಕೈಯಲ್ಲಿ ಅಂಚು ಹಿಡಿದಿದ್ದ, ಬೆರಳು ಬೆಳ್ಳಗಾಗಿತ್ತು. ಯಾರನ್ನೂ ನೋಡದೆ ಹೇಳಿದ: ‘ನಂಗೆ ಈಜು ಬರಲ್ಲ ಕಣ್ರೋ.’

ಆಮೇಲೆ ಯಾರೂ ಮಾತಾಡಲಿಲ್ಲ. ನಾನು ಹುಟ್ಟು ಹಾಕ್ತಾನೇ ಇದ್ದೆ, ಅವರಿಬ್ಬರೂ ನೀರು ತೋಡ್ತಾನೇ ಇದ್ರು. ಗಾಳಿ ನಮ್ಮನ್ನ ಹೊರಟ ದಡಕ್ಕೆ ಬಿಡಲಿಲ್ಲ, ಪಕ್ಕಕ್ಕೆ ತಳ್ಳಿ ಮುಳುಗಿದ್ದ ತೆಂಗಿನ ತೋಟಕ್ಕೆ ತಂದು ಹಾಕ್ತು. ಒಂದು ಬೋಳು ಮರ ಸಿಕ್ಕಿತು, ತಬ್ಬಿಕೊಂಡು ನಿಂತ್ವಿ. ಬಲೆ ಎತ್ತೋಕೆ ಬಂದಿದ್ದ ಒಬ್ಬ ಅಜ್ಜ ನೋಡಿ, ತಮ್ಮ ಹರಿಗೋಲು ತಂದು, ಇಬ್ಬಿಬ್ಬರನ್ನೇ ದಡಕ್ಕೆ ಬಿಟ್ರು. ಬೈಯ್ಯಲಿಲ್ಲ. ‘ನಿಮ್ಮ ಅಪ್ಪ ಅಮ್ಮಂಗೆ ಗೊತ್ತೇನ್ರಪ್ಪ?’ ಅಂತ ಒಂದೇ ಮಾತು ಕೇಳಿದ್ರು. ಬೈದಿದ್ರೇ ಚೆನ್ನಾಗಿತ್ತು.

ಹೊಳಲ್ಕೆರೆಯನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ‘ಬರಿ, ಆದ್ರೆ ನನ್ನ ಹೀರೋ ಮಾಡ್ಬೇಡ, ಪಾಪದವನೂ ಮಾಡ್ಬೇಡ’ ಅಂದ.

(7/8)
ಎರಡು ವಾರ ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೆ ಸಿಟ್ಟೂ ಇತ್ತು. ಸುಳ್ಳು ಹೇಳಿದ್ದು ಅವನು, ಮುನಿಸಿಕೊಂಡಿದ್ದೂ ಅವನೇ ಅಂತ. ಕೊನೆಗೆ ಒಂದು ರಾತ್ರಿ ಹಾಸ್ಟೆಲ್ ಟೆರೇಸ್ ಮೇಲೆ ಕೇಳೇಬಿಟ್ಟೆ.

‘ನೀನು ಹೆಂಗೆ ಕೇಳ್ದೆ ನೆನಪಿದೆಯಾ?’ ಅಂದ. ‘ಎಲ್ರಿಗೂ ಬರುತ್ತಲ್ಲಾ ಅಂದೆ. ಬರುತ್ತೆ ಅಂತ ನೀನೇ ಉತ್ತರ ಹೇಳಿಬಿಟ್ಟಿದ್ದೆ. ಅವಳು ಬರಲ್ಲ ಅಂದಾಗ ಎಲ್ರೂ ನಕ್ರಿ. ಅವಳು ಹುಡುಗಿ ಅಂತ ಅಲ್ಲಿಗೇ ಬಿಟ್ರಿ. ನಾನು ಹೇಳಿದ್ರೆ ಫೈನಲ್ ಇಯರ್ ಮುಗಿಯೋವರೆಗೂ ಬಿಡ್ತಿದ್ರಾ?’

ಬಿಡ್ತಿರಲಿಲ್ಲ. ಅದು ನನಗೂ ಗೊತ್ತು. ಫಸ್ಟ್ ಇಯರ್‌ನಲ್ಲಿ ಅವನಿಗೆ ಬೈಕ್ ಬರಲ್ಲ ಅಂತ ಗೊತ್ತಾದಾಗ ತಿಂಗಳುಗಟ್ಟಲೆ ಕಾಲೆಳೆದಿದ್ದು ನಾನೇ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೀತು. ದುರ್ಗ ನಿಜ ಹೇಳಿದ್ದಳು. ಅವಳಿಗೆ ಈಜು ಬರಲ್ಲ ಅಂತ ಗೊತ್ತಿದ್ದೂ ನಾವು ಅವಳನ್ನ ಜಾಕೆಟ್ ಇಲ್ಲದೆ ಹತ್ತಿಸಿಕೊಂಡ್ವಿ. ಸುಳ್ಳು ಹೇಳಿದವನಿಗೂ ನಿಜ ಹೇಳಿದವಳಿಗೂ ನಾವು ಮಾಡಿದ್ದು ಒಂದೇ. ಹಾಗಿದ್ಮೇಲೆ ಕೇಳಿದ್ದಾದ್ರೂ ಯಾಕೆ?

ಅದಾದ ಮೇಲೆ ಲೆಕ್ಕ ಬದಲಾಯ್ತು. ನಾಲ್ಕು ಜನರ ದುಡ್ಡು ಸೇರಿ 12,000 ಇತ್ತು. ಮೊದಲು ನಾಲ್ಕು ಲೈಫ್ ಜಾಕೆಟ್, ಹೊಸವು, 1,100ರಂತೆ 4,400. ಉಳಿದಿದ್ದರಲ್ಲಿ ದೋಣಿ. ಜಾಕೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ತಗೋಬೇಡಿ. ಒಳಗಿನ ಫೋಮ್ ಎಷ್ಟು ಹಳೇದಾಗಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಎಷ್ಟು ಕೆಜಿಯವರಿಗೆ ಅಂತ ಒಳಗೆ ಬರೆದಿರುತ್ತೆ, ನೋಡಿ ತಗೊಳ್ಳಿ. ಹಾಕಿಕೊಂಡ ಮೇಲೆ ಬೇರೆಯವರ ಹತ್ತಿರ ಭುಜದ ಪಟ್ಟಿ ಮೇಲಕ್ಕೆ ಎಳೆಸಿ. ಗಲ್ಲ ದಾಟಿ ಬಂದ್ರೆ ನೀರಲ್ಲೂ ಹಾಗೇ ಕಳಚಿಕೊಳ್ಳುತ್ತೆ.

ದೋಣಿ ಸಿಕ್ಕಿದ್ದು ನಮ್ಮನ್ನ ದಡಕ್ಕೆ ಬಿಟ್ಟ ಅಜ್ಜನ ಹತ್ತಿರವೇ. ಅವರು ದೊಡ್ಡದೊಂದು ತಗೊಂಡಿದ್ರು, ಹಳೇದನ್ನ ಕೊಡೋಕೆ ರೆಡಿ ಇದ್ರು. ಬಣ್ಣ ಇಲ್ಲ, ಮೂರು ತೇಪೆ. ಮೂರನ್ನೂ ಅವರೇ ಬೆರಳಿಟ್ಟು ತೋರಿಸಿ, ಯಾವ ವರ್ಷ ಯಾವ ಕಲ್ಲು ತಾಗಿ ಆಯ್ತು ಅಂತ ಹೇಳಿದ್ರು. ಅವತ್ತು ಬೆಳಗ್ಗೆಯೂ ಅದರಲ್ಲೇ ಬಲೆ ಬಿಟ್ಟು ಬಂದಿದ್ರು. ಕಲ್ಲು ಹೇರಿ ಒಂದು ಗಂಟೆ ನೀರಲ್ಲಿ ಬಿಡಬಹುದಾ ಅಂದ್ವಿ. ‘ಎರಡು ಗಂಟೆ ಬಿಡಿ’ ಅಂದ್ರು. ಒಳಗೆ ಒಣಗಿತ್ತು.

(8/8)
ಸೇವ್ ಮಾಡ್ಕೊಳ್ಳಿ ಅನ್ನೋ ಪೋಸ್ಟ್ ಇದೇ.

ನಮ್ಮ ನಿಯಮಗಳು ಇವು. ನಾಲ್ಕು ಜನ ಇದ್ರೂ ಹತ್ತೋದು ಮೂರೇ ಜನ, ಒಬ್ಬರು ಫೋನ್ ಹಿಡಿದು ದಡದಲ್ಲಿ. ಬೆಳಗ್ಗೆ ಆರರಿಂದ ಒಂಬತ್ತು, ಅಷ್ಟೇ. ಬೇಸಿಗೆ ಮಧ್ಯಾಹ್ನದ ಮೋಡ, ಗಾಳಿ, ಸಿಡಿಲಿನ ಜೊತೆ ಪಂದ್ಯ ಬೇಡ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಆಗ ಸುಸ್ತಾದ ಮೇಲೆ ಗಾಳಿಯೇ ವಾಪಸ್ ತರುತ್ತೆ. ಒಳಗೆ ಕೂರೋದು ತಳದಲ್ಲಿ, ಅಂಚಿನ ಮೇಲಲ್ಲ. ಫೋಟೋಗೂ ಎದ್ದು ನಿಲ್ಲಬೇಡಿ, ಎಲ್ಲರೂ ಒಂದೇ ಕಡೆ ವಾಲಬೇಡಿ. ಎರಡು ಹುಟ್ಟು, ಒಂದು ಉದ್ದ ಹಗ್ಗ, ನೀರು ತೋಡೋಕೆ ಒಂದು ಡಬ್ಬ ಯಾವಾಗಲೂ ಒಳಗಿರಲಿ. ದೋಣಿ ತಗೊಂಡ ಮೇಲೆ ಉಳಿದ 1,100 ನಮಗೆ ಖರ್ಚಾಗಿದ್ದು ಇವಕ್ಕೇ. ಕಟ್ಟೆ, ಕೋಡಿ, ತೂಬಿನ ಕಡೆ ಸುಳಿಯಲೇಬೇಡಿ. ನೀರಿಗಿಳಿಯೋ ಮುಂಚೆ ನೀರಾವರಿ, ಮೀನುಗಾರಿಕೆ ಇಲಾಖೆಯವರನ್ನ ಕೇಳಿ. ಅಲ್ಲಿ ಬಲೆ ಬಿಡೋರನ್ನೂ ಕೇಳಿ. ಬೇಲಿ ಎಲ್ಲಿದೆ, ಬಾವಿ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಇರಲ್ಲ, ಅವರ ತಲೆಯಲ್ಲಿರುತ್ತೆ.

ಎಲ್ಲಕ್ಕಿಂತ ಮೊದಲು, ಜೊತೆಗೆ ಬರೋರನ್ನ ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೇಳಿ. ‘ಈಜು ಬರುತ್ತಲ್ಲಾ’ ಅಂತ ಅಲ್ಲ. ‘ನಿಂಗೆ ನೀರಂದ್ರೆ ಭಯ ಇದೆಯಾ’ ಅಂತ. ಇದೆ ಅಂದ್ರೆ ನಗಬೇಡಿ. ಆಮೇಲೆ ಅವರಿಗೆ ಸರಿಹೋಗೋ ದೋಣಿ ನೋಡಿ, ಅವರಿಗೆ ಸರಿಹೋಗೋ ಹೊತ್ತಿಗೆ ಹೋಗಿ. ಚೆನ್ನಾಗಿ ಈಜೋರಿಗೆ ಯಾವ ದೋಣಿಯಾದ್ರೂ ನಡೆಯುತ್ತೆ. ದೋಣಿ ಆರಿಸಬೇಕಾಗಿರೋದು ಈಜು ಬಾರದವರಿಗೋಸ್ಕರ.

ಈ ಬೇಸಿಗೆ ಹೊಳಲ್ಕೆರೆ, ದುರ್ಗ ಇಬ್ಬರೂ ನಮ್ಮ ತೋಟದ ಬಾವಿಗೆ ಬಂದಿದ್ರು. ಸೊಂಟಕ್ಕೆ ಬೆಂಡು ಕಟ್ಟಿ ಕಲಿಸಿದ್ದು ನಮ್ಮ ದೊಡ್ಡಪ್ಪ. ದುರ್ಗ ನಾಲ್ಕನೇ ದಿನಕ್ಕೆ ಬೆಂಡು ಬಿಚ್ಚಿದಳು. ಹೊಳಲ್ಕೆರೆ ಇನ್ನೂ ಬಿಚ್ಚಿಲ್ಲ. ‘ಅವಸರ ಏನೈತೆ’ ಅಂತಾರೆ ದೊಡ್ಡಪ್ಪ.

ಕೊನೇ ಫೋಟೋ ಅವನದೇ. ಕಿತ್ತಳೆ ಜಾಕೆಟ್, ಕೈಯಲ್ಲಿ ಹುಟ್ಟು, ಹಿಂದೆ ಬೆಳಗಿನ ನೀರು. ಅಂಚು ಹಿಡಿದಿಲ್ಲ, ನೋಡಿ.

ನಿಮ್ಮ ಊರಿನ ಕೆರೆ, ಹಿನ್ನೀರಿನಲ್ಲಿ ನೀವೂ ಹೀಗೆ ಹೋಗೋರಾದ್ರೆ, ಜೊತೆಗೆ ಬರೋ ಗೆಳೆಯರಿಗೆ ಆರನೇ ಪೋಸ್ಟ್ ಕಳಿಸಿ. ಯಾರೋ ಒಬ್ಬರು ಸುಮ್ಮನೆ ತಲೆ ಆಡಿಸಿರ್ತಾರೆ.

#ಮಾರಿಕಣಿವೆ #ವಾಣಿವಿಲಾಸಸಾಗರ #ಹರಿಗೋಲು #ಹೊಸದುರ್ಗ #ಹಿರಿಯೂರು #ಹೊಳಲ್ಕೆರೆ #ಚಿತ್ರದುರ್ಗ